ಮಿಂಬರ್ ಮತ್ತು ಮತಪೆಟ್ಟಿಗೆ

ಚುನಾವಣೆ ಹತ್ತಿರ ಬಂದಾಗಲೆಲ್ಲ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: “ಈ ಸಲ ನಿಮ್ಮ ಮಸೀದಿಯವರು ಯಾರ ಕಡೆ?” ಮಿಡಿಗೇಶಿಯ ಟೀ ಅಂಗಡಿಯಲ್ಲೂ ಇದೇ ಮಾತು, ಪಾವಗಡದ ಸಂತೆಯಲ್ಲೂ ಇದೇ ಮಾತು. ಮಠದವರು ಯಾರ ಕಡೆ, ಚರ್ಚಿನವರು ಯಾರ ಕಡೆ ಎಂಬ ಲೆಕ್ಕವೂ ಹೀಗೆಯೇ ನಡೆಯುತ್ತದೆ. ಕೇಳುವವರಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಆದರೆ ಆ ಪ್ರಶ್ನೆಯೊಳಗೆ ಒಂದು ತಪ್ಪು ಕೂತಿದೆ. ಮತದಾರರ ಪಟ್ಟಿಯಲ್ಲಿ ಮಸೀದಿಯ ಹೆಸರಿಲ್ಲ. ಅಲ್ಲಿರುವುದು ಮನೆಯ ಅಬ್ಬಾ, ಅಮ್ಮಿ, 18 ತುಂಬಿದ ಮಗ, ಮಗಳು, ಹೀಗೆ ಒಬ್ಬೊಬ್ಬರ ಹೆಸರು.

ಧರ್ಮದ ಹೆಸರಿನಲ್ಲಿ ಮತ ಕೇಳುವ, ಧರ್ಮಪೀಠದಿಂದ ಮತ ಕೊಡಿಸುವ ಪರಿಪಾಠ ಹೇಗೆ ಬೆಳೆಯಿತು? ಅದರಿಂದ ಪ್ರಜಾಪ್ರಭುತ್ವಕ್ಕೆ ಏನಾಯಿತು, ಧರ್ಮಕ್ಕೆ ಏನಾಯಿತು? ಈ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸದಲ್ಲೂ ಉತ್ತರವಿದೆ, ದೂರದ ಅಮೆರಿಕದ ಇತಿಹಾಸದಲ್ಲೂ ಉತ್ತರವಿದೆ.

ಸುಬೆಯ ಪ್ರಜೆಯಿಂದ ಮತದಾರನವರೆಗೆ

ಶಿರಾ ಪಟ್ಟಣವು 1687ರಿಂದ ಮೊಗಲರ ಸುಬೆಯ ಕೇಂದ್ರವಾಗಿತ್ತು. ಅಲ್ಲಿನ ಮಲಿಕ್ ರಿಹಾನ್ ದರ್ಗಾ ಅದಕ್ಕೂ ಹಿಂದಿನ ಕಾಲದ್ದು. ಈ ಸೀಮೆಯ ಮುಸ್ಲಿಮರು ನಿನ್ನೆ ಮೊನ್ನೆ ಬಂದವರಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ಸುಬೇದಾರನ ಕಾಲದಲ್ಲಾಗಲಿ, ಪಾಳೇಗಾರರ ಕಾಲದಲ್ಲಾಗಲಿ, ಹೈದರ್ ಮತ್ತು ಟಿಪ್ಪು ಕಾಲದಲ್ಲಾಗಲಿ ರೈತನಿಗೆ, ನೇಕಾರನಿಗೆ, ಕುದುರೆ ಲಾಯದವನಿಗೆ ಆಳುವವರನ್ನು ಆರಿಸುವ ಹಕ್ಕಿರಲಿಲ್ಲ. ದೊರೆ ತನ್ನ ಧರ್ಮದವನಾಗಿದ್ದರೂ ಕಂದಾಯ ಕಂದಾಯವೇ ಆಗಿತ್ತು.

ಜನರ ಮಾತು ಸರ್ಕಾರದ ಕಿವಿಗೆ ಬೀಳುವ ವ್ಯವಸ್ಥೆ ಮೈಸೂರು ಸಂಸ್ಥಾನದಲ್ಲಿ ಶುರುವಾದದ್ದು 1881ರಲ್ಲಿ. ದಿವಾನ್ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ತಾಲ್ಲೂಕುಗಳಿಂದ ರೈತರನ್ನೂ ವ್ಯಾಪಾರಿಗಳನ್ನೂ ಕರೆಸಲಾಯಿತು. ಮೊದಲ ಸಭೆಯಲ್ಲಿ 144 ಸದಸ್ಯರಿದ್ದರು. ಅದಕ್ಕೆ ಅಧಿಕಾರ ಕಡಿಮೆ. ಆದರೂ ಕೆರೆ, ರಸ್ತೆ, ಕಂದಾಯದ ಕುಂದುಕೊರತೆಯನ್ನು ಎದ್ದು ನಿಂತು ಹೇಳಬಹುದಾಗಿತ್ತು. ಮುಂದೆ 1926ರಿಂದ 1941ರವರೆಗೆ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಹಿಂದೂ ಮಹಾರಾಜರಿಗೆ ಮುಸ್ಲಿಂ ದಿವಾನ. ಅಂಥ ಸಂಸ್ಥಾನದಲ್ಲೂ 1928ರಲ್ಲಿ ಬೆಂಗಳೂರಿನ ಶಾಲೆಯೊಂದರ ಬಳಿಯ ಗಣೇಶ ವಿಗ್ರಹದ ವಿಷಯ ದೊಡ್ಡ ಗಲಭೆಯಾಯಿತು. ತನಿಖೆಗೆ ಸರ್ ಎಂ. ವಿಶ್ವೇಶ್ವರಯ್ಯ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಆಡಳಿತದ ಬಗೆಗಿನ ಅಸಮಾಧಾನಕ್ಕೆ ಧರ್ಮದ ಬಣ್ಣ ಬಳಿದರೆ ಅದು ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಎಂಬುದನ್ನು ಮೈಸೂರು ಅಂದೇ ಕಂಡಿತು.

ಪ್ರತ್ಯೇಕ ಪೆಟ್ಟಿಗೆಯ ಪಾಠ

ಬ್ರಿಟಿಷ್ ಇಂಡಿಯಾದಲ್ಲಿ ಇದೇ ಹೊತ್ತಿಗೆ ಬೇರೆ ದಾರಿ ಹಿಡಿಯಲಾಗಿತ್ತು. 1906ರಲ್ಲಿ ಮುಸ್ಲಿಂ ಗಣ್ಯರ ನಿಯೋಗವೊಂದು ಶಿಮ್ಲಾದಲ್ಲಿ ವೈಸ್‌ರಾಯ್ ಅವರನ್ನು ಕಂಡು ಪ್ರತ್ಯೇಕ ಪ್ರಾತಿನಿಧ್ಯ ಕೇಳಿತು. 1909ರ ಸುಧಾರಣೆಯಲ್ಲಿ ಅದು ಸಿಕ್ಕಿತು. ಅಂದರೆ ಮುಸ್ಲಿಂ ಕ್ಷೇತ್ರದಲ್ಲಿ ಮುಸ್ಲಿಮರು ಮಾತ್ರ ಮತ ಹಾಕಿ ಮುಸ್ಲಿಂ ಸದಸ್ಯನನ್ನು ಆರಿಸುವುದು. ಕೇಳಿದವರ ಭಯ ಸುಳ್ಳಾಗಿರಲಿಲ್ಲ, ಸಂಖ್ಯೆಯಲ್ಲಿ ಕಡಿಮೆ ಇದ್ದವರಿಗೆ ತಮ್ಮ ದನಿ ಮುಳುಗಿಹೋಗುವ ಆತಂಕವಿತ್ತು. ಆದರೆ ಅದರ ಪರಿಣಾಮ ನಿಧಾನವಾಗಿ ಕಾಣಿಸಿತು. ಹಿಂದೂ ಅಭ್ಯರ್ಥಿಗೆ ಮುಸ್ಲಿಂ ಮತ ಬೇಕಿರಲಿಲ್ಲ, ಮುಸ್ಲಿಂ ಅಭ್ಯರ್ಥಿಗೆ ಹಿಂದೂ ಮತ ಬೇಕಿರಲಿಲ್ಲ. ನೆರೆಯವನ ಮನಸ್ಸು ಗೆಲ್ಲುವ ಅಗತ್ಯವೇ ಹೋಯಿತು. ತನ್ನವರ ಮುಂದೆ ಹೆಚ್ಚು ಬಿಗಿಯಾಗಿ ಮಾತಾಡಿದವನೇ ನಾಯಕನಾದ.

1945–46ರ ಚುನಾವಣೆಯಲ್ಲಿ ಇದು ಕೊನೆಯ ಹಂತ ಮುಟ್ಟಿತು. ಪಂಜಾಬಿನಲ್ಲಿ ಪೀರರೂ ಸಜ್ಜಾದಾ ನಶೀನರೂ ತಮ್ಮ ಮುರೀದರಿಗೆ ಮತದ ಹುಕುಂ ಕೊಟ್ಟರು. ಒಂದು ಪಕ್ಷಕ್ಕೆ ಮತ ಹಾಕುವುದನ್ನು ದೀನಿನ ಪರೀಕ್ಷೆಯೆಂದು ಸಾರಲಾಯಿತು. ಕೇಂದ್ರ ಶಾಸನಸಭೆಯ ಎಲ್ಲ 30 ಮುಸ್ಲಿಂ ಸ್ಥಾನಗಳನ್ನೂ ಮುಸ್ಲಿಂ ಲೀಗ್ ಗೆದ್ದಿತು. ದೇವಬಂದಿನ ಮೌಲಾನಾ ಹುಸೇನ್ ಅಹ್ಮದ್ ಮದನಿ ಅವರಂಥ ಮಹಾ ಆಲಿಮರು, ಒಂದೇ ನೆಲದ ಬೇರೆ ಬೇರೆ ಧರ್ಮದವರು ಸೇರಿ ಒಂದು ರಾಷ್ಟ್ರವಾಗಿ ಬಾಳಬಹುದು ಎಂದು 1938ರಲ್ಲೇ ಗ್ರಂಥ ಬರೆದು ವಾದಿಸಿದ್ದರು. ಅಂಥವರನ್ನೂ ಆ ಚುನಾವಣೆಯ ಕಾವಿನಲ್ಲಿ ಅವಮಾನಿಸಲಾಯಿತು. ಧರ್ಮದ ಹೆಸರಿನಲ್ಲಿ ಮತ ಕೇಳಿದಾಗ ಮೊದಲ ಪೆಟ್ಟು ತಿನ್ನುವವರು ಅದೇ ಧರ್ಮದ ಭಿನ್ನಮತದವರು. ಮುಂದಿನ ವರ್ಷದ ವಿಭಜನೆಯ ರಕ್ತಪಾತ ಎಲ್ಲರಿಗೂ ತಿಳಿದದ್ದೇ.

ಸಂವಿಧಾನ ಸಭೆ 1947ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮತಕ್ಷೇತ್ರವನ್ನು ಕೈಬಿಟ್ಟಿತು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಸ್ಥಾನ ಮೀಸಲಿಡುವ ಪ್ರಸ್ತಾವವನ್ನೂ ಬಿಟ್ಟಿತು. ಮದರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು ಹಳೆಯ ರಕ್ಷಣೆ ಉಳಿಯಬೇಕೆಂದು ವಾದಿಸಿದರು. ಬೇಗಂ ಐಜಾಜ್ ರಸೂಲ್ ಅದನ್ನು ವಿರೋಧಿಸಿದರು. ಬೇರೆಯಾಗಿ ನಿಂತಷ್ಟೂ ಸಮುದಾಯ ಒಂಟಿಯಾಗುತ್ತದೆ ಎಂಬುದು ಅವರ ನಿಲುವಿನ ಸಾರ.

ಪ್ರತ್ಯೇಕ ಮತಕ್ಷೇತ್ರಕ್ಕೂ ಮೀಸಲು ಕ್ಷೇತ್ರಕ್ಕೂ ಇರುವ ವ್ಯತ್ಯಾಸ ತಿಳಿಯಲು ದೂರ ಹೋಗಬೇಕಿಲ್ಲ. ಕೊರಟಗೆರೆ ಮತ್ತು ಪಾವಗಡ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅಲ್ಲಿ ನಿಲ್ಲುವ ಅಭ್ಯರ್ಥಿ ಪರಿಶಿಷ್ಟ ಜಾತಿಯವರೇ ಆಗಿರಬೇಕು. ಆದರೆ ಮತ ಹಾಕುವವರು ಎಲ್ಲರೂ. ಒಕ್ಕಲಿಗರ ಮನೆಗೂ, ಗೊಲ್ಲರಹಟ್ಟಿಗೂ, ಮುಸ್ಲಿಮರ ಓಣಿಗೂ ಅಭ್ಯರ್ಥಿ ಬಂದು ಕೈ ಮುಗಿಯಲೇಬೇಕು. ಪ್ರತ್ಯೇಕ ಮತಕ್ಷೇತ್ರದಲ್ಲಿ ಈ ಕೈ ಮುಗಿಯುವಿಕೆ ಇರುವುದಿಲ್ಲ. ಇದು ಸಣ್ಣ ವಿಷಯವಲ್ಲ. ಒಬ್ಬನ ಮತ ಇನ್ನೊಬ್ಬನಿಗೆ ಬೇಕಾಗಿರುವುದೇ ನಮ್ಮ ಊರುಗಳ ನೆಮ್ಮದಿಗೆ ಇರುವ ಒಂದು ಆಸರೆ.

ಎರಡೂ ಕಡೆಯ ಓಲೈಕೆ

ಪ್ರತ್ಯೇಕ ಪೆಟ್ಟಿಗೆ ಹೋಯಿತು, ಆದರೆ ಧರ್ಮವನ್ನು ಗುತ್ತಿಗೆ ಹಿಡಿದು ಮತ ಎಣಿಸುವ ಚಾಳಿ ಹೋಗಲಿಲ್ಲ. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಶಾಹ್ ಬಾನೋ ಪ್ರಕರಣದಲ್ಲಿ ತಲಾಖ್ ಆದ ವೃದ್ಧೆಗೆ ಜೀವನಾಂಶ ಕೊಡಬೇಕೆಂದಿತು. ಷರೀಅತ್‌ನಲ್ಲಿ ನ್ಯಾಯಾಲಯ ಕೈ ಹಾಕಿತೆಂದು ಮುಸ್ಲಿಮರಲ್ಲಿ ದೊಡ್ಡ ಚಳವಳಿ ನಡೆಯಿತು. ಆ ಫಿಕ್ಹ್ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ಸರ್ಕಾರ ಹಾಕಿದ ಲೆಕ್ಕವನ್ನು ಗಮನಿಸಬೇಕು. ಉಪಚುನಾವಣೆಗಳ ಫಲಿತಾಂಶ ಕಂಡು ಅದು ಬೆದರಿತು. 1986ರ ಮೇ ತಿಂಗಳಲ್ಲಿ ಹೊಸ ಕಾಯ್ದೆ ತಂದಿತು. ಅದೇ ವರ್ಷ ಫೆಬ್ರವರಿ 1ರಂದು ಅಯೋಧ್ಯೆಯ ಬಾಬ್ರಿ ಮಸೀದಿಯ ಬೀಗ ತೆಗೆಸಲಾಗಿತ್ತು. ಒಂದು ಕೈಯಲ್ಲಿ ಇವರಿಗೆ, ಇನ್ನೊಂದು ಕೈಯಲ್ಲಿ ಅವರಿಗೆ. ಎರಡೂ ಕಡೆಯ ಬಿಗಿಪಟ್ಟಿನವರು ತಾವೇ ಗೆದ್ದೆವೆಂದುಕೊಂಡರು. ಒಂದು ಕಡೆಯ ಪಟ್ಟು ಇನ್ನೊಂದು ಕಡೆಯ ಪಟ್ಟಿಗೆ ಗೊಬ್ಬರವಾಯಿತು.

ಅದರ ಬಿಸಿ ಕರ್ನಾಟಕಕ್ಕೆ ತಟ್ಟಲು ಹೆಚ್ಚು ಕಾಲ ಬೇಕಾಗಲಿಲ್ಲ. 1990ರ ಅಕ್ಟೋಬರ್‌ನಲ್ಲಿ ದಾವಣಗೆರೆ, ಚನ್ನಪಟ್ಟಣ, ರಾಮನಗರಗಳಲ್ಲಿ ಗಲಭೆಗಳಾದವು. ಅದೇ ತಿಂಗಳು ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಇಳಿಸಲಾಯಿತು. 1989ರಲ್ಲಿ ಅವರ ಪಕ್ಷಕ್ಕೆ 178 ಸ್ಥಾನಗಳ ಭಾರೀ ಬಹುಮತ ಬಂದಿತ್ತು. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. ಅದಾಗಿ ಕೆಲವೇ ತಿಂಗಳಿಗೆ ವಿಧಾನಸಭಾ ಚುನಾವಣೆ. 1989ರಲ್ಲಿ 4 ಸ್ಥಾನ ಪಡೆದಿದ್ದ ಬಿಜೆಪಿ 1994ರಲ್ಲಿ 40 ಸ್ಥಾನ ಪಡೆಯಿತು. ಒಂದು ಪಕ್ಷ ಬೆಳೆಯಲು ಕಾರಣಗಳು ಹಲವು, ಎದುರಾಳಿಗಳ ಒಳಜಗಳವೂ ಅದರಲ್ಲಿ ಒಂದು. ಆದರೆ ಮೈದಾನ, ಮೆರವಣಿಗೆ, ಗಿರಿ ಎಲ್ಲವೂ ಚುನಾವಣೆಯ ಬಂಡವಾಳ ಆಗಬಹುದು ಎಂಬುದು ರಾಜಕಾರಣಿಗಳಿಗೆ ಆಗ ಚೆನ್ನಾಗಿ ಮನವರಿಕೆಯಾಯಿತು. ಹಿಂದೂ ಮುಸ್ಲಿಮರಿಬ್ಬರೂ ತಲೆಮಾರುಗಳಿಂದ ಹರಕೆ ಹೊತ್ತು ಹೋಗುತ್ತಿದ್ದ ಬಾಬಾ ಬುಡನ್‌ಗಿರಿಯೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ.

ಬೊಮ್ಮಾಯಿ ಪ್ರಕರಣ

ಇದೇ ಗದ್ದಲದ ನಡುವೆ ದೇಶಕ್ಕೆ ಒಂದು ದೊಡ್ಡ ತೀರ್ಪು ಸಿಕ್ಕಿತು. ಅದು ಕರ್ನಾಟಕದ ಹೆಸರಿನಲ್ಲೇ ಇದೆ. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವರಿಗೆ ಅವಕಾಶ ಸಿಗಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ಬಾಬ್ರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಸರ್ಕಾರಗಳನ್ನು ವಜಾ ಮಾಡಿದ ವಿಷಯವೂ ಇದರ ಜೊತೆ ವಿಚಾರಣೆಗೆ ಬಂತು.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬೊಮ್ಮಾಯಿ ಸರ್ಕಾರವನ್ನು ತೆಗೆದದ್ದು ಸಂವಿಧಾನಬಾಹಿರ, ಬಹುಮತ ಸದನದಲ್ಲೇ ತೀರ್ಮಾನವಾಗಬೇಕು ಎಂದಿತು. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದಿತು, ಆ ಮೂರು ರಾಜ್ಯಗಳ ವಜಾವನ್ನು ಎತ್ತಿಹಿಡಿಯಿತು. ಇದನ್ನು ನಾವು ಎರಡು ಕಾರಣಕ್ಕೆ ನೆನಪಿಡಬೇಕು. ಸರ್ಕಾರದ ಭವಿಷ್ಯ ರಾಜಭವನದಲ್ಲಿ ನಿರ್ಧಾರವಾಗಬಾರದು ಎಂಬುದು ಒಂದು. ಸರ್ಕಾರಕ್ಕೆ ತನ್ನದೇ ಒಂದು ಧರ್ಮ ಇರಬಾರದು ಎಂಬುದು ಇನ್ನೊಂದು. ನಮ್ಮಂಥ ಸಣ್ಣ ಊರಿನ ಕುಟುಂಬಗಳಿಗೆ ಇವೆರಡೂ ಕೋಟೆ ಗೋಡೆಗಳಿದ್ದಂತೆ.

ಗೋಡೆ ಇದ್ದರೂ ಗುಂಡಿ ತೋಡುವವರು ಇದ್ದೇ ಇರುತ್ತಾರೆ. 2022ರಲ್ಲಿ ಹಿಜಾಬ್ ವಿವಾದದಿಂದ ನಮ್ಮ ಹೆಣ್ಣುಮಕ್ಕಳು ತರಗತಿಯ ಹೊರಗೆ ನಿಂತರು. ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಕೂಗೆದ್ದಿತು. 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ಎರಡು ತಿಂಗಳೂ ಇಲ್ಲದಾಗ, ಹಿಂದುಳಿದಿರುವಿಕೆಯ ಆಧಾರದ ಮೇಲೆ ಮುಸ್ಲಿಮರಿಗಿದ್ದ ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು ತೆಗೆದು ಇತರ ಎರಡು ಸಮುದಾಯಗಳಿಗೆ ಹಂಚಲು ಅಂದಿನ ಸರ್ಕಾರ ನಿರ್ಧರಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ನಿರ್ಧಾರ ಜಾರಿಯಾಗದೆ ನಿಂತಿತು. ಮೇ 10ರಂದು ರಾಜ್ಯ ಮತ ಹಾಕಿತು. ಬಿಜೆಪಿ 104ರಿಂದ 66 ಸ್ಥಾನಕ್ಕೆ ಇಳಿಯಿತು. ಧರ್ಮದ ಮಾತಿಗಿಂತ ಅಡುಗೆ ಅನಿಲದ ಬೆಲೆ, ಕೆಲಸ, ಭ್ರಷ್ಟಾಚಾರದ ಮಾತು ಬಹಳ ಜನರಿಗೆ ಮುಖ್ಯವಾಗಿತ್ತು. ಮತ ಹಾಕಿದ ಬಹುಪಾಲು ಜನ ಮುಸ್ಲಿಮರಲ್ಲ ಎಂಬುದನ್ನು ನಾವು ಮರೆಯಬಾರದು.

ಅಮೆರಿಕದ ಅನುಭವ

ಇದು ನಮ್ಮ ನಾಡಿನ ರೋಗ ಮಾತ್ರ ಎಂದು ತಿಳಿಯುವುದು ಬೇಡ. ಅಮೆರಿಕ ತನ್ನ ಸಂವಿಧಾನದಲ್ಲೇ, ಸರ್ಕಾರಿ ಹುದ್ದೆಗೆ ಯಾವ ಧಾರ್ಮಿಕ ಪರೀಕ್ಷೆಯೂ ಇರಕೂಡದು ಎಂದು ಬರೆದುಕೊಂಡ ದೇಶ. 1791ರ ಮೊದಲ ತಿದ್ದುಪಡಿ, ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು, ಯಾರ ಧರ್ಮಾಚರಣೆಗೂ ಅಡ್ಡಿ ಮಾಡಬಾರದು ಎಂದಿತು. 1960ರಲ್ಲಿ ಕ್ಯಾಥೊಲಿಕರಾದ ಜಾನ್ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ತಾನು ಪೋಪರ ಹುಕುಂ ಕೇಳುವವನಲ್ಲ ಎಂದು ಹೂಸ್ಟನ್ ನಗರದಲ್ಲಿ ಪಾದ್ರಿಗಳ ಸಭೆಗೇ ಹೋಗಿ ವಿವರಿಸಬೇಕಾಯಿತು.

ವರ್ಜೀನಿಯಾದ ಬ್ಯಾಪ್ಟಿಸ್ಟ್ ಪಾದ್ರಿ ಜೆರಿ ಫಾಲ್ವೆಲ್ 1965ರಲ್ಲಿ, ಕರಿಯರ ಹಕ್ಕಿನ ಹೋರಾಟಕ್ಕೆ ಇಳಿದ ಪಾದ್ರಿಗಳನ್ನು ಟೀಕಿಸುತ್ತ, ರಾಜಕೀಯ ಪಾದ್ರಿಯ ಕೆಲಸವಲ್ಲ ಎಂದು ಪ್ರವಚನ ಮಾಡಿದ್ದರು. ಅದೇ ಫಾಲ್ವೆಲ್ 1979ರಲ್ಲಿ ‘ಮಾರಲ್ ಮೆಜಾರಿಟಿ’ ಎಂಬ ಸಂಘಟನೆ ಕಟ್ಟಿ ರಾಜಕೀಯಕ್ಕಿಳಿದರು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ಒಪ್ಪಿದ್ದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕರಿಯರನ್ನು ದೂರವಿಟ್ಟ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿಗೆ ಸರ್ಕಾರ ಕೈ ಹಾಕಿದ್ದೇ ಮೊದಲ ಕಿಡಿ ಎನ್ನುತ್ತಾರೆ ಇತಿಹಾಸಕಾರ ರಾಂಡಲ್ ಬಾಲ್ಮರ್. 1980ರಲ್ಲಿ ಈ ಪಾಳಯ ರೊನಾಲ್ಡ್ ರೇಗನ್ ಬೆನ್ನಿಗೆ ನಿಂತಿತು. ಸೋತ ಜಿಮ್ಮಿ ಕಾರ್ಟರ್ ಯಾರು? ಚರ್ಚಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಬೈಬಲ್ ಪಾಠ ಹೇಳುತ್ತಿದ್ದ ಬ್ಯಾಪ್ಟಿಸ್ಟ್ ಭಕ್ತ. ಧರ್ಮದ ಹೆಸರಿನ ರಾಜಕೀಯಕ್ಕೆ ಧರ್ಮನಿಷ್ಠ ಬೇಕಿರಲಿಲ್ಲ, ತನ್ನ ಕೆಲಸ ಮಾಡಿಕೊಡುವವನು ಬೇಕಿತ್ತು.

ಆ ಪಾಳಯ ಹಲವು ಗೆಲುವುಗಳನ್ನು ಕಂಡಿತು. 2016ರಲ್ಲಿ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಹತ್ತಕ್ಕೆ ಎಂಟರಷ್ಟು ಜನ ಡೊನಾಲ್ಡ್ ಟ್ರಂಪ್‌ಗೆ ಮತ ಹಾಕಿದರು. 2017ರಲ್ಲಿ ಹಲವು ಮುಸ್ಲಿಂ ದೇಶಗಳ ಜನರ ಪ್ರವೇಶಕ್ಕೆ ತಡೆ ಬಂತು. 2022ರ ಜೂನ್‌ನಲ್ಲಿ ಗರ್ಭಪಾತದ ಹಳೆಯ ತೀರ್ಪು ರದ್ದಾಯಿತು. ಆದರೆ ಚರ್ಚು ಕಳೆದುಕೊಂಡದ್ದೇನು? ತಮಗೆ ಯಾವ ಧರ್ಮವೂ ಇಲ್ಲ ಎನ್ನುವ ಅಮೆರಿಕನ್ನರು 1990ರ ಸುಮಾರಿಗೆ ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಈಗ ಹತ್ತರಲ್ಲಿ ಮೂವರ ಹತ್ತಿರ ಬಂದಿದ್ದಾರೆ. ಇದಕ್ಕೆ ಒಂದು ಮುಖ್ಯ ಕಾರಣ ಚರ್ಚು ರಾಜಕೀಯದ ಜೊತೆ ಅಂಟಿಕೊಂಡದ್ದು ಎಂದು ಮೈಕೆಲ್ ಹೌಟ್, ಕ್ಲಾಡ್ ಫಿಶರ್ ಎಂಬ ಸಮಾಜಶಾಸ್ತ್ರಜ್ಞರು 2002ರಲ್ಲೇ ವಾದಿಸಿದರು. ಪಕ್ಷ ಇಷ್ಟವಾಗದ ಯುವಕರು ಪಕ್ಷವನ್ನಷ್ಟೇ ಬಿಡಲಿಲ್ಲ, ಪ್ರಾರ್ಥನಾ ಮಂದಿರವನ್ನೂ ಬಿಟ್ಟರು. ನಮ್ಮ ಮಸೀದಿಗಳಲ್ಲಿ ಎಳೆಯರ ಸಾಲು ತೆಳ್ಳಗಾಗುತ್ತಿದೆ ಎಂದು ಕೊರಗುವ ಹಿರಿಯರು ಇದನ್ನು ಯೋಚಿಸಬೇಕು.

ಅಲ್ಲಿನ ಮುಸ್ಲಿಮರಿಗೂ ಒಂದು ಪಾಠವಾಯಿತು. 2000ದ ಅಕ್ಟೋಬರ್‌ನಲ್ಲಿ ನಾಲ್ಕು ದೊಡ್ಡ ಮುಸ್ಲಿಂ ಸಂಘಟನೆಗಳ ಕೂಟವು, ಸಮುದಾಯ ಒಟ್ಟಾಗಿ ಜಾರ್ಜ್ ಬುಷ್‌ಗೆ ಮತ ಹಾಕಬೇಕೆಂದು ಕರೆ ಕೊಟ್ಟಿತು. ಮರುವರ್ಷ ಸೆಪ್ಟೆಂಬರ್ 11ರ ದಾಳಿಯ ನಂತರ ಅದೇ ಸರ್ಕಾರ ಪೇಟ್ರಿಯಟ್ ಕಾಯ್ದೆ ತಂದಿತು. ಕಣ್ಗಾವಲಿನ ಬಿಸಿ ಹೆಚ್ಚು ತಟ್ಟಿದ್ದು ಮುಸ್ಲಿಮರಿಗೇ. ಸಗಟಾಗಿ ಕೊಟ್ಟ ಬೆಂಬಲ ಅವರನ್ನು ಕಾಯಲಿಲ್ಲ.

ನಮ್ಮ ದೇಶದಲ್ಲೂ ದೆಹಲಿ ಜಾಮಾ ಮಸೀದಿಯ ಶಾಹಿ ಇಮಾಮರು 1977ರಲ್ಲಿ ಜನತಾ ಪಕ್ಷಕ್ಕೆ, 1980ರಲ್ಲಿ ಕಾಂಗ್ರೆಸ್ಸಿಗೆ ಬೆಂಬಲ ಸಾರಿದರು. ಅವರ ಉತ್ತರಾಧಿಕಾರಿ 2004ರಲ್ಲಿ ಬಿಜೆಪಿ ಪರ, 2014ರಲ್ಲಿ ಕಾಂಗ್ರೆಸ್ ಪರ ಕರೆ ಕೊಟ್ಟರು. ಕೊನೆಯ ಎರಡು ಸಲವೂ ಆ ಪಕ್ಷಗಳು ಸೋತವು. ಸಾಮಾನ್ಯ ಮುಸ್ಲಿಂ ಮತದಾರ ತನ್ನ ಬುದ್ಧಿಯಿಂದಲೇ ಮತ ಹಾಕಿದ. ಆದರೆ ಎದುರಾಳಿಗಳಿಗೆ “ನೋಡಿ, ಇವರಿಗೆ ಮಸೀದಿಯಿಂದ ಹುಕುಂ ಬರುತ್ತದೆ” ಎಂದು ಹೇಳಲು ಆ ಕರೆಗಳು ಸಾಕಾದವು.

ಕಾನೂನು ಏನು ಹೇಳುತ್ತದೆ

1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ ಧರ್ಮ, ಜಾತಿ, ಸಮುದಾಯ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ, 4–3ರ ಬಹುಮತದಿಂದ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಕೇಳಿದರೂ ಅದು ತಪ್ಪು ಎಂದಿತು. ನಮ್ಮ ಮುತವಲ್ಲಿಗಳು, ಕಮಿಟಿಯವರು ಮುಖ್ಯವಾಗಿ ತಿಳಿದಿರಬೇಕಾದ ಇನ್ನೊಂದು ಕಾಯ್ದೆ 1988ರದ್ದು. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ ಈ ಕಾಯ್ದೆಯಂತೆ ಮಸೀದಿ, ಮಂದಿರ, ಚರ್ಚು, ಗುರುದ್ವಾರದ ಆವರಣವನ್ನೂ ಹಣವನ್ನೂ ರಾಜಕೀಯ ಪಕ್ಷದ ಕೆಲಸಕ್ಕೆ ಬಳಸುವಂತಿಲ್ಲ. ಬಳಸಿದರೆ ಜೈಲು ಶಿಕ್ಷೆಯೂ ಆಗಬಹುದು.

ಅಮೆರಿಕದಲ್ಲೂ ಇಂಥದ್ದೊಂದು ನಿಯಮ 1954ರಿಂದ ಇದೆ. ತೆರಿಗೆ ವಿನಾಯಿತಿ ಪಡೆಯುವ ಚರ್ಚುಗಳು ಅಭ್ಯರ್ಥಿಯ ಪರ ಅಥವಾ ವಿರುದ್ಧ ಪ್ರಚಾರ ಮಾಡಬಾರದು. 2025ರ ಜುಲೈನಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ, ಪ್ರಾರ್ಥನೆಯ ವೇಳೆ ಪಾದ್ರಿ ತನ್ನ ಭಕ್ತರಿಗೆ ಹೇಳುವ ಮಾತಿಗೆ ಇದು ಅನ್ವಯಿಸದು ಎಂದು ನ್ಯಾಯಾಲಯಕ್ಕೆ ತಿಳಿಸಿತು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ಕಾಯುವ ಮನಸ್ಸೂ ಇರಬೇಕು.

ನಮ್ಮ ಮಿಂಬರ್‌ನ ಕೆಲಸ

ಹಾಗಾದರೆ ಜುಮಾ ಖುತ್ಬಾದಲ್ಲಿ ಚುನಾವಣೆಯ ಮಾತೇ ಬೇಡವೇ? ಬೇಕು. ಮತವನ್ನು ಉಲಮಾಗಳು ಸಾಕ್ಷ್ಯಕ್ಕೆ ಹೋಲಿಸಿದ್ದಾರೆ, ಅಮಾನತಿಗೆ ಹೋಲಿಸಿದ್ದಾರೆ. ಸುಳ್ಳು ಸಾಕ್ಷಿ ಹೇಳುವುದು ಹೇಗೆ ಪಾಪವೋ ದುಡ್ಡಿಗೆ, ಸೀರೆಗೆ, ಕುಕ್ಕರಿಗೆ ಮತ ಮಾರುವುದೂ ಹಾಗೆಯೇ. ಇದನ್ನು ಖತೀಬರು ಗಟ್ಟಿಯಾಗಿ ಹೇಳಲಿ. ಅನ್ಯಾಯ ಮಾಡುವವನು ಯಾರೇ ಆಗಲಿ ಅನ್ಯಾಯವೇ ಎನ್ನಲಿ. ಹೆಸರು ಮಾತ್ರ ಬೇಡ, ಚಿಹ್ನೆ ಬೇಡ.

ಇಮಾಮ್ ಅಬೂ ಹನೀಫಾ ಅವರು ಖಲೀಫಾ ಮನ್ಸೂರ್ ಕೊಡಲು ಬಂದ ಕಾಝಿ ಹುದ್ದೆಯನ್ನು ಒಲ್ಲೆ ಎಂದು ಸೆರೆಮನೆ ಕಂಡರು. ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರು ಖಲೀಫರ ಹುಕುಂಗೆ ತಲೆಬಾಗದೆ ಚಾಟಿ ಏಟು ತಿಂದರು. ಆಳುವವರಿಂದ ಅಂತರ ಕಾಯ್ದುಕೊಂಡಿದ್ದರಿಂದಲೇ ಅವರ ಮಾತಿಗೆ ತೂಕ ಬಂತು. ಗೆದ್ದವನ ಪರ ಪ್ರಚಾರ ಮಾಡಿದ ಇಮಾಮರು ನಾಳೆ ಅವನ ತಪ್ಪನ್ನು ಹೇಳಲಾರರು. ಸೋತವನ ಪರ ನಿಂತ ಇಮಾಮರ ಮಾತನ್ನು ಗೆದ್ದವನು ಕೇಳುವುದಿಲ್ಲ. ಇಮಾಮರೂ ಪ್ರಜೆಯೇ. ಅವರು ತಮ್ಮ ಮತವನ್ನು ಎಲ್ಲರಂತೆ ಮತಗಟ್ಟೆಯಲ್ಲಿ ಗುಟ್ಟಾಗಿ ಹಾಕಲಿ.

ಧರ್ಮದ ಗಲಾಟೆ ಚುನಾವಣೆಯನ್ನು ಆವರಿಸಿದರೆ ನಮ್ಮ ಸೀಮೆಗೆ ಆಗುವ ನಷ್ಟ ಕಣ್ಣಿಗೆ ಕಾಣುವಂಥದ್ದು. ಪಾವಗಡದ ಫ್ಲೋರೈಡ್ ನೀರಿಗೆ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲ. ತುಮಕೂರು–ರಾಯದುರ್ಗ ರೈಲು ಮಾರ್ಗಕ್ಕಾಗಿ ವರ್ಷಗಟ್ಟಲೆ ಕಾದವರು ಎಲ್ಲ ಜಾತಿಯವರು. ಶೇಂಗಾ ಬೆಳೆ ಒಣಗಿದರೆ ಮಿಡಿಗೇಶಿಯ ರೈತನೂ ಅಳುತ್ತಾನೆ, ಅವನಿಂದ ಕೊಳ್ಳುವ ವ್ಯಾಪಾರಿಯೂ ಅಳುತ್ತಾನೆ. ಇದನ್ನು ಕೇಳಬೇಕಾದ ದಿನಗಳಲ್ಲಿ ಮೆರವಣಿಗೆಯ ದಾರಿಯ ಜಗಳ ಎದ್ದರೆ ಅಭ್ಯರ್ಥಿಗೆ ಉತ್ತರ ಹೇಳುವ ಕಷ್ಟವೇ ತಪ್ಪುತ್ತದೆ.

ಆದ್ದರಿಂದ ಮನೆಮನೆಯಲ್ಲಿ ಮಾಡಬೇಕಾದ ಕೆಲಸ ಸರಳ. 18 ತುಂಬಿದ ಮಕ್ಕಳ ಹೆಸರನ್ನು ನಮೂನೆ 6 ತುಂಬಿ ಪಟ್ಟಿಗೆ ಸೇರಿಸಿ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ರ ನಾಲ್ಕು ಅರ್ಹತಾ ದಿನಾಂಕಗಳಿವೆ. ಹೆಸರಿನ ಕಾಗುಣಿತ ತಪ್ಪಾಗಿದ್ದರೆ, ಮನೆ ಬದಲಾಗಿದ್ದರೆ ನಮೂನೆ 8 ಕೊಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಮನೆಯ ಹೆಣ್ಣುಮಕ್ಕಳು ಯಾರಿಗೆ ಮತ ಹಾಕಬೇಕೆಂದು ಅವರೇ ಯೋಚಿಸಲು ಬಿಡಿ, ಅದು ಅವರಿಗೆ ಒಪ್ಪಿಸಿದ ಅಮಾನತು. ಇನ್ನು ಯಾರಾದರೂ “ನಿಮ್ಮ ಮಸೀದಿಯವರು ಯಾರ ಕಡೆ?” ಎಂದು ಕೇಳಿದರೆ, “ಮಸೀದಿ ನ್ಯಾಯದ ಕಡೆ. ನಮ್ಮ ಮತ ಬೇಕಿದ್ದರೆ ನಮ್ಮ ಮನೆಗೆ ಬಂದು ಕೇಳಿ” ಎಂದು ನಗುಮುಖದಿಂದ ಹೇಳಿ.

ನಮ್ಮ ಮಿಂಬರ್‌ಗಳನ್ನು ಅಲ್ಲಾಹನು ಆಸೆ ಮತ್ತು ಭಯ ಎರಡರಿಂದಲೂ ಕಾಪಾಡಲಿ. ನಮ್ಮ ಊರುಗಳಲ್ಲಿ ಶಾಂತಿ, ನೆರೆಹೊರೆಯ ಪ್ರೀತಿ ಉಳಿಯಲಿ. ಆಮೀನ್.